ತಿರುಗುವ ಕೋಲಿನ ಮೇಲೆ ನಡೆದ ಇಲಿಗಳು

ಜೆನಿಟಾ ಕೆಮ್ಮಣ್ಣು ಎಂಬ ಊರಿನವರು. ಕಾರ್ಕಳದ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ, ನಲವತ್ತರ ಹೊಸ್ತಿಲಲ್ಲಿ ಆ ಕೆಲಸ ಬಿಟ್ಟು ಮಣಿಪಾಲಕ್ಕೆ ಸಂಶೋಧನೆಗೆ ಬಂದರು. ಲಕ್ಕಿ ಗಿಡದ ಸೊಪ್ಪಿನಿಂದ ಬೇರ್ಪಡಿಸಿದ ಒಂದು ಅಂಶ ನೋವನ್ನು ತಗ್ಗಿಸುತ್ತದೆಯೇ ಎಂದು ಇಲಿಗಳಲ್ಲಿ ಪರೀಕ್ಷಿಸುವುದು ಅವರ ವಿಷಯ.

ಹದವಾಗಿ ಕಾಯಿಸಿದ ತಟ್ಟೆಯ ಮೇಲೆ ಇಲಿಯನ್ನು ಬಿಡಬೇಕು. ಅದು ಪಾದ ನೆಕ್ಕಿದ ಕೂಡಲೇ ಎತ್ತಿಕೊಳ್ಳಬೇಕು. ನೆಕ್ಕಲು ತಡಮಾಡಿದಷ್ಟೂ ನೋವು ಕಡಿಮೆ ಎಂದು ಲೆಕ್ಕ. ಪಾದ ಸುಡದಂತೆ ಸಮಯಕ್ಕೆ ಮಿತಿಯಿತ್ತು. ಆದರೂ ಜೆನಿಟಾ ಪ್ರತಿ ಇಲಿಯ ಪಾದವನ್ನು ನೋಡದೆ ಅದನ್ನು ಗೂಡಿಗೆ ಬಿಡುತ್ತಿರಲಿಲ್ಲ.

ಮದ್ದು ಕೊಟ್ಟ ಇಲಿಗಳು ಪಾದ ನೆಕ್ಕಲು ತುಂಬ ತಡಮಾಡಿದವು. ಪ್ರಯೋಗಾಲಯದವರಿಗೆಲ್ಲ ಖುಷಿ. ಜೆನಿಟಾ ಮಾತ್ರ ಗೂಡುಗಳ ಎದುರೇ ನಿಂತರು. ಇಲಿಗಳು ಮೂಲೆಯಲ್ಲಿ ಮುದುಡಿ ಕೂತಿದ್ದವು.

"ಮೇಡಂ, ಇವಕ್ಕೆ ನೋವು ಕಡಿಮೆಯಾದದ್ದಾ, ಇಲ್ಲ ಮಂಪರು ಬಂದದ್ದಾ?" ಎಂದು ಮಾರ್ಗದರ್ಶಿ ಸ್ವರ್ಣಲತಾರನ್ನು ಕೇಳಿದರು.

ಸ್ವರ್ಣಲತಾ ಗೂಡಿನತ್ತ ಬಗ್ಗಿ ನೋಡಿದರು. "ನನಗೂ ಆ ಸಂಶಯ ಉಂಟು. ತಿರುಗುವ ಕೋಲಿನ ಮೇಲೆ ಬಿಟ್ಟು ನೋಡುವ. ಮಂಪರಿದ್ದರೆ ಬೀಳ್ತವೆ."

ಬಿದ್ದವು. ಒಂದರ ಹಿಂದೊಂದು, ಕೆಳಗಿನ ಮೆತ್ತೆಗೆ.

ಆ ಸಂಜೆ ಬಸ್ಸಿನಲ್ಲಿ ಜೆನಿಟಾರಿಗೆ ಬಿಟ್ಟುಬಂದ ಕೆಲಸ ನೆನಪಾಗಿ ಸಂಕಟವಾಯಿತು. ಮನೆಯಲ್ಲಿ ತಾಯಿ ಆನಿ ಮಗಳನ್ನು ಮುದ್ದಿನಿಂದ ಕರೆದು, "ಎಂತ ಬಾಯೆ, ಮುಖ ಯಾಕೆ ಹೀಗೆ?" ಎಂದದ್ದಕ್ಕೆ, "ಎಲ್ಲ ಸುಳ್ಳಾಯಿತು ಮಮ್ಮಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಮುಂದೆ ಹೊಸ ಇಲಿಗಳನ್ನು ತೆಗೆದುಕೊಂಡು ಮದ್ದಿನ ಪ್ರಮಾಣ ಇಳಿಸಿದರು. ಯಾವುದಕ್ಕೆ ಮದ್ದು, ಯಾವುದಕ್ಕೆ ಬರೀ ನೀರು ಎಂಬುದು ಜೆನಿಟಾರಿಗೆ ತಿಳಿಯದಂತೆ ಸ್ವರ್ಣಲತಾ ತಾವೇ ಗುರುತು ಹಾಕಿದರು. ಈ ಸಲ ಎಲ್ಲ ಇಲಿಗಳೂ ಕೋಲಿನ ಮೇಲೆ ಚುರುಕಾಗಿ ನಡೆದವು. ಒಂದಂತೂ ಇಳಿಸಿದರೂ ಮತ್ತೆ ಹತ್ತಲು ನೋಡಿತು. ಬಿಸಿ ತಟ್ಟೆಯ ಪರೀಕ್ಷೆಯೂ ಮುಗಿದ ಮೇಲೆ ಗುರುತು ಬಿಡಿಸಿ ನೋಡಿದರು. ತಡವಾಗಿ ಪಾದ ನೆಕ್ಕಿದವುಗಳಲ್ಲಿ ಹೆಚ್ಚಿನವು ಮದ್ದು ಕುಡಿದ ಇಲಿಗಳೇ.

"ವ್ಯತ್ಯಾಸ ಮೊದಲಿನಷ್ಟು ದೊಡ್ಡದಿಲ್ಲ, ಅಲ್ವಾ ಮೇಡಂ?"

"ಇಲ್ಲ. ಆದರೆ ಇದನ್ನು ನಂಬಬಹುದು ಮಾರಾಯ್ತಿ."

ಜೆನಿಟಾ ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಹೊರಗೆ ಬಂದು ತಾಯಿಗೆ ಫೋನ್ ಮಾಡಿ, ಮದ್ದು ಕೆಲಸ ಮಾಡಿದ್ದನ್ನು ಹೇಳಿದರು.

"ಹಾಗಾದರೆ ನನ್ನ ಸೊಂಟನೋವಿಗೂ ಆಗ್ತದಾ?" ಆನಿ ಕೇಳಿದರು.

"ಸದ್ಯ ಇಲಿಗಳಿಗೆ ಮಾತ್ರ ಮಮ್ಮಿ. ಮನುಷ್ಯರವರೆಗೆ ಬರಲು ಇನ್ನೂ ತುಂಬ ದಾರಿ ಉಂಟು."

"ಆಗಲಿ. ಅವಕ್ಕಾದರೂ ನೋವು ಕಮ್ಮಿಯಾಯ್ತಲ್ಲ," ಎಂದರು ಆನಿ. ಮಗಳ ದನಿ ಕೇಳಿಯೇ ಅವರಿಗೂ ನಿರಾಳವಾಗಿತ್ತು.