ಕಂಡಕ್ಟರ್ ಅತ್ತೆಯ ಸೀಟಿ

ನಮ್ಮ ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ದಿನ ಟಿಕೆಟ್ ಚೀಲ, ಬಿಲ್ಲೆ, ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದರು. ಸೀಟಿ ಮಾತ್ರ ಒಪ್ಪಿಸಲಿಲ್ಲ, ಅದು ಅವರ ಸ್ವಂತದ್ದಂತೆ. ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಾರೆ. ಸ್ನಾನಕ್ಕೆ ಹೋಗುವಾಗ ಬಚ್ಚಲ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಾರೆ, ಬಂದ ಮೇಲೆ ಮತ್ತೆ ಕೊರಳಿಗೆ.

ಸೀಟಿಯ ಮೇಲೆ ಅಷ್ಟು ಮೋಹ ಯಾಕೆಂದರೆ ಅವರಿಗೆ ಗಂಟಲಿಲ್ಲ. “ಮುಂದೆ ಹೋಗಿ, ಮುಂದೆ ಹೋಗಿ” ಎಂದು ನೌಕರಿಯುದ್ದಕ್ಕೂ ಕೂಗಿ ಕೂಗಿ ದನಿ ಹರಿದುಹೋಗಿದೆ. ಪಿಸುಮಾತಿಗಿಂತ ಒಂದು ಚೂರು ಹೆಚ್ಚು, ಅಷ್ಟೇ. ಇನ್ನು ಕಿರುಚಿದರೆ ಇದೂ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದಾರೆ. ಹಾಗಾಗಿ ನಮ್ಮ ಮನೆ ನಡೆಯುವುದು ಸೀಟಿಯ ಮೇಲೆ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬಹುದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತಂತೆ. ನನ್ನ ಬೆನ್ನ ಹಿಂದೆ ನಿಂತು ಪೀಂ ಎಂದು ಊದಿದರು ನೋಡಿ, ಕೈಯಲ್ಲಿದ್ದ ತಟ್ಟೆ ಬಿಸಾಡಿಬಿಟ್ಟೆ.

“ಅತ್ತೆ, ನಾನೇನು ಬಸ್ಸಾ?” ಎಂದು ರೇಗಿದೆ.

“ಬಸ್ಸಾಗಿದ್ರೆ ಹೇಳಿದ ಮಾತು ಕೇಳ್ತಿತ್ತು,” ಎಂದರು.

ಅವರು ಹಾಗೆ, ನಾನು ಹೀಗೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಯೂ ದೊಡ್ಡದು. ಇಬ್ಬರ ಗಂಟಲನ್ನೂ ದೇವರು ನಿನಗೊಬ್ಬಳಿಗೇ ಕೊಟ್ಟಿದ್ದಾನೆ ಎಂದು ನಮ್ಮೆಜಮಾನರು ಹಂಗಿಸುತ್ತಿರುತ್ತಾರೆ.

ಮನೆ ಇರುವುದು ಬಸ್‌ಸ್ಟಾಪಿನ ಪಕ್ಕದಲ್ಲೇ. ಗೇಟು ತೆಗೆದು ಒಂದು ಹೆಜ್ಜೆ ಇಟ್ಟರೆ ರಸ್ತೆ. ನಾನು ಮುಂದಿನ ಕೋಣೆಯಲ್ಲಿ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತೇನೆ. ಮನೆಯಲ್ಲಿ ಮೊದಲಿನಿಂದಲೂ ಎರಡು ನಾಯಿಗಳು. ಗಂಡುನಾಯಿಗೆ ವಯಸ್ಸಾಗಿ ಕಿವಿ ಕೇಳುವುದೇ ಇಲ್ಲ, ಇಡೀ ದಿನ ಹೊಸ್ತಿಲಿಗೆ ಅಡ್ಡ ಮಲಗಿರುತ್ತದೆ. ಅದರ ಹೆಸರು ಪಿಂಚಣಿ. ಹೆಣ್ಣುನಾಯಿ ಗಂಟುಮುಖದ್ದು, ಮನೆಯೆಲ್ಲ ಸುತ್ತಿ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿ ಬರುತ್ತದೆ, ತಾನು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಅದು ಮ್ಯಾನೇಜರ್. ಮೂರನೆಯದೂ ಒಂದಿತ್ತು, ಶಟಲ್ ಅಂತ. ರಸ್ತೆಗೆ ಓಡಿ ಲಾರಿಯಡಿ ಸಿಕ್ಕಿ ಸತ್ತಿತು. ಅತ್ತೆ ಗೇಟಿನಲ್ಲೇ ನಿಂತು ಕಣ್ಣಾರೆ ಕಂಡರು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಇನ್ನು ನಾಯಿಯ ಸಹವಾಸ ಸಾಕು ಎಂದು ನಾನು ಅಂದುಕೊಂಡಿರುವಾಗಲೇ ಅತ್ತೆ ಹಳೆಯ ಗೆಳತಿಯರನ್ನು ನೋಡಲು ಡಿಪೋಗೆ ಹೋದವರು ಕೈಚೀಲದಲ್ಲಿ ಒಂದು ಮರಿ ಹಾಕಿಕೊಂಡು ಬಂದರು. ಕಂದು ಬಣ್ಣ, ಮೈಗಿಂತ ಕಿವಿಯೇ ದೊಡ್ಡದು. ಚೀಲದಿಂದ ಇಳಿಸಿದ್ದೇ ತಡ, ಪಿಂಚಣಿಯ ಹೊಟ್ಟೆಯ ಮೇಲೆ ಹತ್ತಿ ಇಳಿದು, ಮ್ಯಾನೇಜರಿನ ಬಾಲ ಕಚ್ಚಿ, ಮುಖಕ್ಕೆ ಒಂದು ಏಟು ತಿಂದು, ಅದರ ನೋವು ಮುಟ್ಟುವ ಮೊದಲೇ ನನ್ನ ಮಷಿನ್ನಿನ ಕೆಳಗೆ ನುಗ್ಗಿ ಅಳತೆ ಟೇಪು ಕಚ್ಚಿಕೊಂಡು ಹಿತ್ತಲಿಗೆ ಓಡಿತು.

“ಇದು ಯಾವ ಸ್ಟಾಪಲ್ಲೂ ನಿಲ್ಲೋ ಜಾತಿಯಲ್ಲ. ಎಕ್ಸ್‌ಪ್ರೆಸ್,” ಎಂದು ಅತ್ತೆ ಅಲ್ಲೇ ಹೆಸರಿಟ್ಟರು.

ಅಯ್ಯೋ, ಆಮೇಲಿನ ದಿನಗಳನ್ನು ಏನು ಹೇಳಲಿ! ಚಪ್ಪಲಿ ಹೋಯಿತು, ಕಸಪೊರಕೆ ಹೋಯಿತು, ಒಗೆದು ಹಾಕಿದ ದಿಂಬಿನ ಚೀಲ ಹರಿದು ಚಿಂದಿಯಾಯಿತು. ಪಿಂಚಣಿಯ ಕಿವಿ ಹಿಡಿದು ಜೋತಾಡುತ್ತಿತ್ತು. ಆ ಮುದುಕ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದ. ನಾನು ಬೈಯುವುದೇ ಒಂದು ಕೆಲಸವಾಯಿತು. ಬೈದರೆ ಅದಕ್ಕೆ ಖುಷಿ! ಆಟಕ್ಕೆ ಕರೆಯುತ್ತಿದ್ದಾಳೆ ಎಂದು ಬಾಲ ಎತ್ತಿಕೊಂಡು ಇನ್ನೂ ದೂರ ಓಡುತ್ತಿತ್ತು.

ಅತ್ತೆಗೆ ಚಪ್ಪಲಿಯ ಚಿಂತೆಯಿಲ್ಲ, ದಿಂಬಿನ ಚಿಂತೆಯಿಲ್ಲ. ಅವರದು ಒಂದೇ ಹಟ. “ಇದು ರಸ್ತೆಗೆ ಹೋಗಿ ಸಾಯಬಾರದು. ನಿಲ್ಲು ಅಂದ್ರೆ ನಿಲ್ಲಬೇಕು. ಅದನ್ನ ಕಲಿಸೇ ಕಲಿಸ್ತೀನಿ.” ಹಿತ್ತಲಿನಲ್ಲಿ ಹಗ್ಗ ಹಿಡಿದು, ಬಿಸ್ಕತ್ತಿನ ಚೂರು ಜೇಬಿಗೆ ತುಂಬಿಕೊಂಡು ಶುರು ಮಾಡಿಯೇಬಿಟ್ಟರು. ಪೀಂ ಎಂದರೆ ಕಾಲು ಕಿತ್ತಿಡಬಾರದು. ಪೀಂ ಪೀಂ ಎಂದರೆ ಓಡಬಹುದು. ಸೊಂಟ ನೋವು, ಬಿಸಿಲು, ಯಾವುದನ್ನೂ ಲೆಕ್ಕಿಸಲಿಲ್ಲ. ಕಡೆಗೆ ಕಲಿಸಿದರು ಕೂಡ. ಎಷ್ಟೇ ಜೋರಾಗಿ ಓಡುತ್ತಿದ್ದರೂ ಒಂದು ಸೀಟಿಗೆ ಆ ಮರಿ ಗಕ್ಕನೆ ನಿಂತುಬಿಡುತ್ತಿತ್ತು. ಬೆರಗಾಗಿ ನೋಡಿದೆ. ಹೊಗಳಲಿಲ್ಲ ಅನ್ನಿ, ಹೊಗಳಿದರೆ ಹೆಗಲ ಮೇಲೆ ಕೂರುತ್ತಾರೆ.

ಹಿಗ್ಗಿನಲ್ಲಿ ಅತ್ತೆ ಅದನ್ನು ಗೇಟಿನ ಹೊರಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಎದುರಿನ ಗೋಡೆಯ ಮೇಲೆ ಬೆಕ್ಕೊಂದು ಕಂಡಿತು, ಎಕ್ಸ್‌ಪ್ರೆಸ್ ಜಗ್ಗಿದ ರಭಸಕ್ಕೆ ಹಗ್ಗ ಕೈತಪ್ಪಿತು. ಅತ್ತೆ ಗಾಬರಿಯಾಗಲಿಲ್ಲ, ಸೀಟಿ ಕೈಗೆ ತೆಗೆದುಕೊಂಡರು. ಆದರೆ ಅವರು ಊದುವ ಮೊದಲೇ ಬೇರೆ ಯಾರೋ ಊದಿದರು. ಸ್ಟಾಪಿಗೆ ಬಸ್ಸು ಬರುತ್ತಿತ್ತು. ಇಳಿಯುವವರಿದ್ದಾರೆ ಎಂದು ಅದರ ಕಂಡಕ್ಟರ್ ಪೀಂ ಎಂದು ಒಂದು ಸೀಟಿ ಹಾಕಿದರು. ಎಕ್ಸ್‌ಪ್ರೆಸ್ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

ಎದುರಿನಿಂದ ವ್ಯಾನು. ಬ್ರೇಕಿನ ಸದ್ದಿಗೆ ಬೀದಿಯೇ ತಿರುಗಿ ನೋಡಿತು. ಮರಿಯ ಮೂತಿಗೂ ವ್ಯಾನಿನ ಮೂತಿಗೂ ಒಂದು ಮೊಳ ಅಂತರ. ಆದರೂ ಅದು ಕದಲಲಿಲ್ಲ, ಹೇಳಿಕೊಟ್ಟ ಪಾಠ ಒಪ್ಪಿಸುವ ಹಾಗೆ ನಿಂತಿತ್ತು! ಅಷ್ಟರಲ್ಲಿ ಬಸ್ಸಿನವರು ಪೀಂ ಪೀಂ ಎಂದರು. ಬಸ್ಸು ಹೊರಟಿತು, ಎಕ್ಸ್‌ಪ್ರೆಸ್ಸೂ ಅದರ ಪಕ್ಕದಲ್ಲೇ ಹೊರಟಿತು. ಮುಂದಿನ ತಿರುವಿನವರೆಗೆ ಓಡಿ ಹಗ್ಗ ಹಿಡಿದವಳು ನಾನು.

ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಅಂತೀರಾ? ಪಿಂಚಣಿಗೆ ಕಿವಿ ಕೇಳುವುದಿಲ್ಲ, ಮ್ಯಾನೇಜರ್ ಯಾರಿಗೂ ಸೊಪ್ಪು ಹಾಕುವುದಿಲ್ಲ. ಅತ್ತೆಯ ಸೀಟಿಯನ್ನು ನಂಬಿದ ಮೊದಲ ನಾಯಿ ಇದೇ. ಬಸ್‌ಸ್ಟಾಪಿನ ಪಕ್ಕದಲ್ಲಿ ಕೂತು ನಾಯಿಗೆ ಬಸ್ಸಿನ ಸೀಟಿ ಕಲಿಸಲು ನಮ್ಮ ಅತ್ತೆಗೆ ಮಾತ್ರ ಸಾಧ್ಯ.

ಸಂಜೆ ನಮ್ಮೆಜಮಾನರು ಕೇಳಿ ಮೆಲ್ಲಗೆ ಹೇಳಿದರು, “ಅಮ್ಮಾ, ನನ್ನ ಸ್ನೇಹಿತನ ಮನೆ ಕಡೆ ಬಸ್ಸೇ ಹೋಗಲ್ಲ. ಅಲ್ಲಿಗೆ ಕೊಟ್ಟುಬಿಡೋಣ. ಅಲ್ಲಾದ್ರೂ ಬದುಕಿಕೊಳ್ಳುತ್ತೆ.”

“ಹೌದು ಅತ್ತೆ, ಕೊಟ್ಟುಬಿಡಿ,” ಎಂದು ನಾನೂ ದನಿಗೂಡಿಸಿದೆ.

ಅತ್ತೆ ಇಬ್ಬರನ್ನೂ ದುರುಗುಟ್ಟಿ ನೋಡಿದರು. “ತಪ್ಪು ಕಲಿಸಿದೋಳು ನಾನು. ಅದು ಚೆನ್ನಾಗೇ ಕಲಿತಿದೆ. ನನ್ನ ತಪ್ಪಿಗೆ ಅದನ್ನ ಯಾಕೆ ಮನೆಯಿಂದ ಆಚೆ ಹಾಕ್ತೀರಾ? ಸರಿಯಾಗಿ ಕಲಿಸೋವರೆಗೂ ಅದು ಎಲ್ಲೂ ಹೋಗಲ್ಲ.”

ಸೀಟಿ ಬೇಡ ಎಂದಾದ ಮೇಲೆ ಬೇರೆ ಸದ್ದು ಹುಡುಕಿದರು. ಕಿಟಕಿಯ ಸರಳಿಗೆ ನಾಣ್ಯ ಬಡಿದು ನೋಡಿದರು. ಬಸ್ಸಿನಲ್ಲಿ ಕಂಬಿಗೆ ನಾಣ್ಯ ಬಡಿಯುವುದಿಲ್ಲವೇ? ಅದೂ ಬೇಡ. ಗೇಟಿನ ತಗಡಿಗೆ ಅಂಗೈಯಿಂದ ದಬದಬ ಬಡಿದರು. ಬಸ್ಸಿನ ಮೈಗೆ ಬಡಿಯುವುದೂ ಹಾಗೆಯೇ. ನನಗೆ ನಗು ತಡೆಯಲಾಗಲಿಲ್ಲ. “ಅತ್ತೆ, ನಿಮಗೆ ಬಸ್ಸಿಂದಲ್ಲದ ಒಂದು ಸದ್ದಾದ್ರೂ ಗೊತ್ತಾ?”

“ಇಲ್ಲ,” ಎಂದು ಒಪ್ಪಿಕೊಂಡರು. ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಳಿಗ್ಗೆ ಸ್ಟೂಲು, ಹಗ್ಗ, ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಗೇಟಿನ ಒಳಗೆ ಹೋಗಿ ಕೂತರು.

“ಬಸ್ಸಿನೋರ ಸೀಟಿ ನಿಲ್ಲಿಸೋಕೆ ನನ್ನ ಕೈಲಾಗಲ್ಲ. ನಾಯಿನ ತಿರುಗಿಸಬಹುದು. ಇನ್ಮೇಲೆ ಸೀಟಿ ಅಂದ್ರೆ ನಿಲ್ಲೋದಲ್ಲ, ಹೋಗೋದೂ ಅಲ್ಲ. ಯಾರೇ ಊದಲಿ, ಎಷ್ಟು ಸಲನಾದ್ರೂ ಊದಲಿ, ಮನೆಗೆ ಬರಬೇಕು.”

“ರಸ್ತೆ ದಾಟಿ ಆ ಕಡೆ ಹೋಗಿದ್ರೆ?”

“ದಾಟೋಕೆ ಬಿಟ್ರೆ ತಾನೆ? ಇಲ್ಲಿ ಒಂದಲ್ಲ ಒಂದು ಬಸ್ಸು ಊದುತ್ತಲೇ ಇರುತ್ತೆ.”

ಅಂದಿನಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ಅತ್ತೆಯ ಡ್ಯೂಟಿ ಗೇಟಿನಲ್ಲಿ. ಬಸ್ಸು ಊದಿದ ತಕ್ಷಣ ಹಗ್ಗ ಮೆತ್ತಗೆ ತಮ್ಮ ಕಡೆಗೆ ಎಳೆದು ಬಿಸ್ಕತ್ತು ಕೊಡುವುದು. ಎಕ್ಸ್‌ಪ್ರೆಸ್ಸಿಗೆ ಮೊದಮೊದಲು ತಲೆ ಕೆಟ್ಟುಹೋಯಿತು. ನಿಲ್ಲಬೇಕೋ ಬರಬೇಕೋ ತಿಳಿಯದೆ ಮುಂಗಾಲು ಎತ್ತಿ ಹಾಗೇ ನಿಲ್ಲುತ್ತಿತ್ತು. ಸೀಟಿಗೂ ಬಿಸ್ಕತ್ತಿಗೂ ಇರುವ ಸಂಬಂಧವನ್ನು ಮೊದಲು ಕಂಡುಹಿಡಿದದ್ದು ಮ್ಯಾನೇಜರ್. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದವಳು ಪೀಂ ಎಂದ ಕೂಡಲೇ ಸ್ಟೂಲಿನ ಮುಂದೆ ಹಾಜರು! ಅವಳು ಓಡುವುದನ್ನು ಕಂಡು ಕಿವುಡ ಪಿಂಚಣಿಯೂ ಎದ್ದು ಕುಂಟುತ್ತ ಬರತೊಡಗಿದ. ಅವರಿಬ್ಬರನ್ನು ನೋಡಿಯೇ ಮರಿಯೂ ಕಲಿಯಿತು. ಸ್ಟಾಪಿನಲ್ಲಿ ನಿಂತವರಿಗೆ ಪುಕ್ಕಟೆ ಸರ್ಕಸ್ಸು.

ಕಂಡಕ್ಟರುಗಳಿಗೆಲ್ಲ ಅತ್ತೆಯ ಪರಿಚಯವೇ. ಅವರಲ್ಲಿ ಒಬ್ಬ ಹುಡುಗಿ, ಉದ್ದ ಜಡೆಯವಳು, “ಅಮ್ಮಾ, ಏನಿದು ಹೊಸ ಡಿಪೋ?” ಎಂದು ಬಸ್ಸಿನ ಬಾಗಿಲಿಂದಲೇ ಕೇಳಿದಳು. ಅತ್ತೆ ಸನ್ನೆ ಮಾಡಿ, ಪಿಸುಗುಟ್ಟಿ, ಹೇಗೋ ವಿಷಯ ತಿಳಿಸಿದರು. ಅಂದಿನಿಂದ ಅವಳು ನಮ್ಮ ಗೇಟು ಕಂಡರೆ ಒಂದು ಸೀಟಿ ಜಾಸ್ತಿ ಊದುವುದು ರೂಢಿಯಾಯಿತು.

ಹೀಗೆ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಎಕ್ಸ್‌ಪ್ರೆಸ್ ನಾನು ಹೊಲಿದಿಟ್ಟ ಯೂನಿಫಾರಂ ಅಂಗಿಯೊಂದನ್ನು ಎಳೆದುಕೊಂಡು ಹೋಗಿ ಕಾಲರು ಹರಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲೇ ಹೊರಗೆ ಸೀಟಿ ಕೇಳಿ ಅದು ಕಾಲರು ಕಚ್ಚಿಕೊಂಡೇ ಅತ್ತೆಯ ಕಡೆ ಓಡಿತು. ನಾನು ಅಡ್ಡ ನಿಂತು ಅಳತೆಯ ಗಜಕೋಲಿನಿಂದ ಬೆನ್ನಿಗೆ ಛಟೀರೆಂದು ಒಂದು ಕೊಟ್ಟೆ.

ಅತ್ತೆ ಸ್ಟೂಲಿನಿಂದ ಎದ್ದೇ ಬಿಟ್ಟರು. ಅಷ್ಟು ಕೋಪ ಅವರಲ್ಲಿ ನಾನು ಕಂಡಿರಲಿಲ್ಲ. “ಬರೋವಾಗ ಹೊಡೀಬೇಡ! ಏನಾದ್ರೂ ಮಾಡ್ಲಿ, ಮನೆಗೆ ಬರೋವಾಗ ಹೊಡೀಬೇಡ!”

“ಅಂಗಿ ಹರಿದಿದೆ ಅತ್ತೆ. ನಾನು ಯಾರಿಗೆ ಜವಾಬು ಕೊಡ್ಲಿ?”

ಅವರು ಕೂತರು. ಮರಿಯ ಬೆನ್ನು ಸವರುತ್ತ ಹೇಳಿದರು, “ಶಟಲ್ ರಸ್ತೆಗೆ ಹೋದಾಗೆಲ್ಲ ನಾನು ಇರೋ ದನೀಲೇ ಕರೀತಿದ್ದೆ. ಬಂದ ಕೂಡ್ಲೇ ಕೋಲಲ್ಲಿ ಬಾರಿಸ್ತಿದ್ದೆ, ಬುದ್ಧಿ ಬರಲಿ ಅಂತ. ಅವತ್ತೂ ಕರೆದೆ. ಅದು ಕೇಳಿಸ್ಕೊಳ್ತು ಕಣೇ. ತಿರುಗಿ ನನ್ನ ಮುಖ ನೋಡ್ತು, ಕೈಯಲ್ಲಿದ್ದ ಕೋಲು ನೋಡ್ತು. ಬರೋದೋ ಬೇಡ್ವೋ ಅಂತ ನಿಂತೇ ಇತ್ತು. ಲಾರಿ ಬಂತು.”

ಹರಿದ ಕಾಲರು ಎತ್ತಿಕೊಂಡು ಒಳಗೆ ಹೋದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಗ್ಯಾಸ್ ಸಿಲಿಂಡರಿನವನು ಬಂದು ಸಿಲಿಂಡರ್ ಇಳಿಸಿ ಹೋಗುವಾಗ ಗೇಟು ಹಾರುಹೊಡೆದು ಬಿಟ್ಟಿದ್ದ. ಅತ್ತೆ ಸ್ನಾನದ ಮನೆಯಲ್ಲಿದ್ದರು. ನಾನು ಮೇಜಿನ ಮೇಲೆ ಬಟ್ಟೆ ಹರಡಿ ಮರದ ಗಜಕೋಲಿನಿಂದ ಅಳೆಯುತ್ತಿದ್ದೆ. ಕಿಟಕಿಯಲ್ಲಿ ಕಂದು ಬಾಲವೊಂದು ಗೇಟು ದಾಟಿದ್ದು ಕಂಡಿತು. ಹೇಗಿದ್ದೆನೋ ಹಾಗೇ ಓಡಿದೆ.

“ಏಯ್! ಬಾರೋ ಇಲ್ಲಿ! ಬಾ ಅಂದ್ರೆ!” ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ನಾನು ಕಿರುಚಿದರೆ ಅದಕ್ಕೆ ಆಟ ತಾನೆ? ಇನ್ನೂ ಮುಂದೆ ಹೋಯಿತು. ನಡುರಸ್ತೆಯಲ್ಲಿ ಬಿದ್ದಿದ್ದ ಒಂದು ಚೀಲ ಮೂಸುತ್ತ ನಿಂತಿತು. ತಿರುವಿನಲ್ಲಿ ಬಸ್ಸು ಕಾಣಿಸಿತು.

ಹಿಂದೆ ಅತ್ತೆ ಬಂದು ನಿಂತರು. ಒದ್ದೆ ಕೂದಲು, ಬರಿಗಾಲು. ಕೈ ಕೊರಳಿಗೆ ಹೋಯಿತು. ಸೀಟಿ ಬಚ್ಚಲ ಚಿಲಕದಲ್ಲಿತ್ತು. ಬಾಯಿ ತೆರೆದರು, ಬರೀ ಗಾಳಿ ಬಂತು.

ಪೀಂ!

ಬಸ್ಸಿನ ಬಾಗಿಲಲ್ಲಿ ಉದ್ದ ಜಡೆ. ಅವಳೇ, ನಮ್ಮ ಹುಡುಗಿ. ಒಂದೇ ಸಮ ಊದುತ್ತಿದ್ದಳು. ಬಸ್ಸು ನಿಧಾನವಾಯಿತು. ಎಕ್ಸ್‌ಪ್ರೆಸ್ ಕಿವಿ ಎತ್ತಿತು, ಗೇಟಿನ ಕಡೆ ತಿರುಗಿತು, ಎರಡು ಹೆಜ್ಜೆ ಓಡಿ ಬಂತು. ಬಂದು ಅಲ್ಲೇ ನಿಂತುಬಿಟ್ಟಿತು. ಬಸ್ಸಿನ ಹಿಂದಿನಿಂದ ಒಂದು ಬೈಕು ಬಸ್ಸನ್ನು ದಾಟಿಕೊಂಡು ನುಗ್ಗುತ್ತಿತ್ತು.

ಯಾಕೆ ನಿಂತಿತು? ನನ್ನ ಮುಖ ನೋಡುತ್ತಿತ್ತು. ಮುಖವಲ್ಲ, ಕೈ.

“ಕೋಲು,” ಎಂದರು ಅತ್ತೆ. ಆ ಒಡಕು ದನಿ ನನ್ನ ಕಿವಿಗೆ ಹೇಗೆ ಮುಟ್ಟಿತೋ! “ಕೋಲು ಬಿಸಾಡೇ!”

ಗಜಕೋಲು ಎಸೆದೆ. ನೆಲಕ್ಕೆ ಕುಕ್ಕರಿಸಿ ಎರಡೂ ಕೈ ಚಾಚಿದೆ. ಬೈಯಲಿಲ್ಲ, ಕೂಗಲಿಲ್ಲ. ಎಕ್ಸ್‌ಪ್ರೆಸ್ ನಾಲ್ಕು ಕಾಲೂ ಕಿತ್ತು ಓಡಿಬಂದು ನನ್ನ ಎದೆಗೆ ಬಡಿಯಿತು. ಬೈಕು ಅದು ನಿಂತಿದ್ದ ಜಾಗದ ಮೇಲೇ ಹಾದುಹೋಯಿತು.

ಅದನ್ನು ಹಿಡಿದುಕೊಂಡೆ ನೋಡಿ, ಆಗ ಸಿಟ್ಟು ನೆತ್ತಿಗೇರಿತು. ಕೈ ಎತ್ತಿಯೂ ಬಿಟ್ಟಿದ್ದೆ. ಆ ಕೈಗೆ ಅತ್ತೆ ಸ್ಟೂಲಿನ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬಿ ಇಟ್ಟರು. “ಮೊದಲು ಇದು ಕೊಡು.”

ಕೊಟ್ಟೆ. ಚೂರುಗಳು ನನ್ನ ಬೆರಳಿನಿಂದ ಕೆಳಗೆ ಬಿದ್ದವು, ಅದು ನೆಕ್ಕಿಕೊಂಡಿತು. ಮ್ಯಾನೇಜರ್ ಅಷ್ಟು ಹೊತ್ತಿಗಾಗಲೇ ಬಂದು ಸಾಲಿನಲ್ಲಿ ನಿಂತಿದ್ದಳು, ಹಿಂದೆ ಪಿಂಚಣಿ. ಅವರಿಗೂ ಕೊಟ್ಟೆ. ಜಡೆಯ ಹುಡುಗಿ ಕೈಬೀಸಿ ಪೀಂ ಪೀಂ ಎಂದಳು, ಬಸ್ಸು ಹೋಯಿತು.

“ಈಗಾದ್ರೂ ಬೈಲಾ ಅತ್ತೆ?” ಎಂದೆ.

“ಗ್ಯಾಸಿನೋನಿಗೆ ಬೈ.”

ಅವನು ಪಕ್ಕದ ಮನೆಯಿಂದ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದ. ಬೈದೆ, ಸ್ಟಾಪಿನಲ್ಲಿದ್ದವರೆಲ್ಲ ಬಸ್ಸು ಮರೆತು ನನ್ನನ್ನೇ ನೋಡುವ ಹಾಗೆ ಬೈದೆ. ಬೈದು ಮುಗಿಸಿ, ಗೇಟಿಗೆ ಚಿಲಕ ಹಾಕಿ ತಿರುಗಿದರೆ, ಅತ್ತೆ ಸ್ಟೂಲಿನ ಮೇಲೆ ಕೂತು ಮರಿಯನ್ನು ಮಡಿಲಿಗೆ ಅವುಚಿಕೊಂಡಿದ್ದರು. ಕೂದಲಿನಿಂದ ನೀರು ಇಳಿಯುತ್ತಿತ್ತು, ಕಣ್ಣಿನಿಂದಲೂ.

“ನಿಂತು ನೋಡ್ತು ಕಣೇ,” ಎಂದರು. “ಕೋಲು ನೋಡ್ತು. ಆಮೇಲೆ ಬಂತು.”