ಮುಚ್ಚಳದ ಮೇಲಿನ ಗುರುತು

ನಮ್ಮ ಅತ್ತಿಗೆಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷದಿಂದ ಪ್ರಯೋಗಾಲಯದಲ್ಲಿ, ಮುಚ್ಚಳವಿರುವ ಪುಟ್ಟ ತಟ್ಟೆಗಳಲ್ಲಿ ಜೀವಕೋಶ ಸಾಕುತ್ತಾರೆ. ನಮ್ಮಣ್ಣನಿಗೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ದು ಅಷ್ಟಕ್ಕಷ್ಟೇ. ಜೀವಕೋಶಗಳಿಗೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಅಲ್ಲೇ ಗಾಜು ತೊಳೆಯುವ ನಾದಿನಿ ನಾನು, ಇಷ್ಟಾದರೂ ಹೇಳಬಾರದೇ?

ಹೊಸಬರಿಗೆಲ್ಲ ಅತ್ತಿಗೆಯದು ಒಂದೇ ಪಾಠ. "ಗುರುತು ತಟ್ಟೆ ಮೇಲೆ ಬರೀರಿ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾದ್ರೆ ಯಾರಪ್ಪ ಬಂದ್ರೂ ಹೇಳಕ್ಕಾಗಲ್ಲ."

ಆ ದಿನ ಸಂಶೋಧನೆಯ ಹುಡುಗಿಗೆ ಕೊನೆಯ ಪ್ರಯೋಗ. ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವ ಔಷಧವಿದೆ; ಜೀವಕೋಶದೊಳಗೆ ಪ್ರೋಟೀನಿಗೆ ಸಕ್ಕರೆಯ ಸರಪಣಿ ಅಂಟದಂತೆ ಅದು ತಡೆಯುತ್ತದೆ. ಸಕ್ಕರೆ ಇಲ್ಲದ ಪ್ರೋಟೀನು ಹಗುರ; ಕರೆಂಟು ಹರಿಸಿದ ಜೆಲ್ ಎಂಬ ಲೋಳೆಪದರದಲ್ಲಿ ಸಲೀಸಾಗಿ ನುಸುಳಿ ಬೇಗ ಕೆಳಗಿಳಿಯುತ್ತದೆ. ತನ್ನ ಪ್ರೋಟೀನಿಗೆ ಸಕ್ಕರೆ ಅಂಟುತ್ತದೋ ಇಲ್ಲವೋ ಎಂದು ಹುಡುಗಿ ತೋರಿಸಬೇಕಿತ್ತು. ಔಷಧ ಒಂದೇ ಸಲಕ್ಕಾಗುವಷ್ಟು ಉಳಿದಿತ್ತು. ಒಂದು ತಟ್ಟೆಗೆ ಅದು, ಇನ್ನೊಂದಕ್ಕೆ ಆ ಔಷಧ ಕರಗಿಸುವ ಬರೀ ದ್ರಾವಕ. ಎರಡೂ ನೋಡಲು ನೀರೇ.

ಔಷಧ ಹಾಕಿದ ಅತ್ತಿಗೆ ಅವಸರದಲ್ಲಿ ಆ ತಟ್ಟೆಯ ಮುಚ್ಚಳದ ಮೇಲೆ ಗುರುತು ಹಾಕಿಬಿಟ್ಟರು. ಮರುದಿನ ಬೆಳಿಗ್ಗೆ ಎರಡೂ ಮುಚ್ಚಳ ಒಟ್ಟಿಗೆ ತೆಗೆದರು. ಮತ್ತೆ ಮುಚ್ಚುವಾಗ ಯಾವುದು ಯಾವುದರದ್ದು ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಕೊನೆಗೆ ಅಂದಾಜಿನ ಮೇಲೆ ಮುಚ್ಚಿಟ್ಟರು.

ತೊಳೆಯುವ ಕೋಣೆಗೆ ನಾಲ್ಕು ಸಲ ಬಂದರು, ನಾಲ್ಕು ಸಲ ಹೋದರು. ಐದನೇ ಸಲ ವಿಷಯ ಬಾಯಿಬಿಟ್ಟರು.

"ಸುಮ್ನಿರಿ ಅತ್ತಿಗೆ," ಎಂದೆ. "ಅವಳ ಪ್ರಬಂಧ ಈ ತಿಂಗಳು ಹೋಗ್ಬೇಕು. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಲ್ಲೇ! ಹೇಳಿದ್ರೆ ಇನ್ಮೇಲೆ ನನ್ನ ಕೈ ಯಾರು ನಂಬ್ತಾರೆ? ಹೇಳ್ದೆ ಇದ್ರೆ ಅನ್ನ ಗಂಟಲಲ್ಲಿ ಇಳಿಯತ್ತಾ?"

ಎರಡು ದಿನಕ್ಕೆ ಜೆಲ್‌ನ ಚಿತ್ರ ಬಂತು. ಗುರುತಿನ ಮುಚ್ಚಳವಿದ್ದ ತಟ್ಟೆಯ ಪ್ರೋಟೀನು ಕೆಳಗೆ, ಇನ್ನೊಂದರದ್ದು ಮೇಲೆ. ಹುಡುಗಿ ಕುಣಿದಾಡಿದಳು. ಸದ್ಯ ಬದುಕಿದೆವು ಎಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಅತ್ತಿಗೆ ಎಲ್ಲ ಹೇಳಿಯೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕೆಳಗಿಳಿದದ್ದೇ ಔಷಧದ್ದಿರಬೇಕಲ್ಲಮ್ಮಾ!" ಎಂದೆ.

"ಇರಬೇಕು ಅಂತ ಬರೆಯೋಕಾಗಲ್ಲ. ಸಾಬೀತು ಮಾಡ್ಬೇಕಾದ್ದನ್ನೇ ಸಾಕ್ಷಿ ಅಂದ ಹಾಗಾಗತ್ತೆ." ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಆ ಚಿತ್ರ ಪ್ರಬಂಧದಿಂದ ಹೋಯಿತು. ಪದವಿ ಮೂರು ತಿಂಗಳು ಮುಂದೆ ಬಿತ್ತು. ಅತ್ತಿಗೆಯ ಜೊತೆ ಅವಳ ಮಾತು ಹೂಂ, ಉಹೂಂಗೆ ಇಳಿಯಿತು.

ಹೊಸ ಔಷಧ ಬಂದ ದಿನ ಅತ್ತಿಗೆ ಪ್ರಯೋಗಾಲಯದ ಬಾಗಿಲಾಚೆ ಶತಪಥ ಹಾಕುತ್ತಿದ್ದರು, ಒಳಗೆ ಹೋಗಲು ಧೈರ್ಯ ಸಾಲದೆ. ಹುಡುಗಿಯೇ ಗುರುತಿನ ಪೆನ್ನು ಹಿಡಿದು ಹೊರಗೆ ಬಂದಳು.

"ಬನ್ನಿ ಅಕ್ಕ, ನೀವೇ ಹಾಕಿ. ಬೇರೆಯವರ ಕೈಲಿ ತಪ್ಪಾದ್ರೆ ನಂಗೆ ಹೇಳ್ತಾರೋ ಇಲ್ವೋ."

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಸುಮ್ಮನಿರಿ ಎಂದಿದ್ದವಳು ನಾನು. ಅವರ ಮುಖ ನೋಡಲಾಗದೆ ಗಾಜು ತೊಳೆಯಲು ಹೋದೆ.