ರಿಪೇರಿಗೆ ಕೊಟ್ಟದ್ದು

ಹಲಸಿನ ಹಪ್ಪಳದ ಕಾಲದಲ್ಲಿ ನಮ್ಮ ಮನೆಯ ತಾರಸಿ ಹತ್ತಿದವರಿಗೆ ಒಂದು ಸಣ್ಣ ವಿಸ್ಮಯ ಕಾದಿರುತ್ತದೆ. ಚಾಪೆಯ ತುಂಬ ಸಾಲುಸಾಲಾಗಿ ಹಪ್ಪಳಗಳು. ಚಾಪೆಯ ಮೂಲೆಯಲ್ಲಿ, ಆ ಹಪ್ಪಳಗಳಿಗೆ ಕಾವಲು ಕೂತ ಹಾಗೆ, ಎರಡು ಟಾರ್ಚ್ ಸೆಲ್ಲುಗಳು. ಸೆಲ್ಲು ಎಂಬುದು ಎಂದೂ ಸಾಯುವುದಿಲ್ಲ, ಬರೀ ದಣಿಯುತ್ತದೆ, ಎರಡು ದಿನ ಒಳ್ಳೆಯ ಬಿಸಿಲು ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂಬುದು ನನ್ನ ಹೆಂಡತಿಯ ಅಚಲ ಸಿದ್ಧಾಂತ. ಹಾಗೆ ಚೇತರಿಸಿಕೊಂಡ ಸೆಲ್ಲು ಹಾಕಿದ ಟಾರ್ಚಿನ ಬೆಳಕು ಹಿಡಿದವರ ಹೆಬ್ಬೆರಳಿನಿಂದಾಚೆಗೆ ಹೋಗುವುದಿಲ್ಲವಾದರೂ ಅವಳು ನನ್ನತ್ತ ನೋಡುವ ನೋಟದಲ್ಲಿ ದಿಗ್ವಿಜಯದ ಕಾಂತಿ ಇರುತ್ತದೆ. ನಗುವ ಅಧಿಕಾರ ನನಗಿಲ್ಲ. ಬಾಲ್ಯದಲ್ಲಿ ಇಂಥವೇ ಸೆಲ್ಲುಗಳನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕಪ್ಪು ಕಡ್ಡಿಯಿಂದ ಶಾಲೆಯ ಗೋಡೆಯ ಮೇಲೆ ನನ್ನ ಹೆಸರನ್ನು ಚಿರಸ್ಥಾಯಿಗೊಳಿಸಿ, ಅದೇ ಕಪ್ಪು ಕೈಯಲ್ಲಿ ಮಧ್ಯಾಹ್ನದ ಬುತ್ತಿ ಉಂಡವನು ನಾನು.

ಇಂಥ ಪೂರ್ವೇತಿಹಾಸವುಳ್ಳವನನ್ನು ನಮ್ಮೂರು ಕೊಪ್ಪದಲ್ಲಿ ಇ-ತ್ಯಾಜ್ಯದ ಕುರಿತು ಭಾಷಣ ಮಾಡಲು ಕರೆದರೆಂದರೆ ಅದಕ್ಕೆ ಕಾರಣ ನನ್ನ ಪಾಂಡಿತ್ಯವಲ್ಲ, ನನ್ನ ಉದ್ಯೋಗ. ನಾನು ವಿಮೆಯ ಏಜೆಂಟ್. ಆರೋಗ್ಯವಾಗಿ, ಸಂತೋಷವಾಗಿ ಇರುವವರ ಮನೆಗೆ ಹೋಗಿ, ಅವರ ಮರಣದ ವಿಷಯವನ್ನು ಕಾಫಿ ಕುಡಿಯುತ್ತ ಪ್ರಸ್ತಾಪಿಸುವುದು ನನ್ನ ವೃತ್ತಿಧರ್ಮ. ಮೂರು ತಾಲೂಕಿನ ಒಳದಾರಿಗಳೂ, ಆ ದಾರಿಗಳ ನಾಯಿಗಳೂ ನನಗೆ ಪರಿಚಿತ. ಕಾಲೇಜಿನ ಸುಜಾತ ಮೇಡಂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಜಾಗೃತಿಯ ಕೆಲಸಕ್ಕೆ ಹೊರಟಾಗ, ಹಳ್ಳಿಹಳ್ಳಿಯ ಜನರನ್ನು ಬಲ್ಲ ಒಬ್ಬ ಮಾತುಗಾರ ಬೇಕಿತ್ತು. ದೀಪಾವಳಿ ಕಳೆದ ಮೂರನೆಯ ಭಾನುವಾರ ಬೆಂಗಳೂರಿನ ಕಡೆಯಿಂದ ಒಂದು ಲಾರಿ ಬರುತ್ತದೆ, ಕೆಟ್ಟ ಟಿವಿ, ರೇಡಿಯೋ, ಮೊಬೈಲು, ಸೆಲ್ಲುಗಳನ್ನೆಲ್ಲ ಕ್ರಮವಾಗಿ ಬಿಡಿಸಿ ವಿಲೇವಾರಿ ಮಾಡುವ ಕಾರ್ಖಾನೆಗೆ ಒಯ್ಯುತ್ತದೆ, ಅಷ್ಟರೊಳಗೆ ಜನ ತಂದುಕೊಡಬೇಕು ಎಂಬುದು ಅವರ ಯೋಜನೆ.

ನಾನು ಮಾತನಾಡಿದೆ. ಪರಿಸರ, ಪ್ರಜ್ಞೆ, ಪೀಳಿಗೆ ಎಂಬ ಮೂರು ಶಬ್ದಗಳನ್ನು ಅದಲುಬದಲು ಮಾಡುತ್ತ ಅರ್ಧ ಗಂಟೆ ಸಾಗಿಸಿದೆ. ಸೀಸ, ಪಾದರಸ ಎಂದೆ. ಹಳ್ಳದ ನೀರು ಎಂದೆ. ಸಿಡಿಲಿಗೆ ಸತ್ತ ಟಿವಿಗಳನ್ನು ಅಟ್ಟದಲ್ಲಿ ಪೇರಿಸಿಟ್ಟುಕೊಳ್ಳುವ ನಮ್ಮ ಕಡೆಯವರ ಮೋಹವನ್ನು ಲೇವಡಿ ಮಾಡಿದೆ. ಕೊನೆಗೆ ಚಪ್ಪಾಳೆಯ ಆಸೆಗೆ ಬಿದ್ದು, “ನನ್ನ ಮನೆಯಲ್ಲಿ ಹುಡುಕಿದರೂ ಒಂದೇ ಒಂದು ಕೆಟ್ಟ ಯಂತ್ರ ಸಿಗುವುದಿಲ್ಲ” ಎಂದು ಎದೆಯುಬ್ಬಿಸಿ ಘೋಷಿಸಿದೆ. ಚಪ್ಪಾಳೆ ಬಿತ್ತು. ಓದುಗ ಮಹಾಶಯರು ಈ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೊನೆಯ ಬೆಂಚಿನಿಂದ ಎದ್ದವರು ಖಾದರ್ ಸಾಹೇಬರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷಗಳಿಂದ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿರುವವರು. ಬೆಸುಗೆಯ ಕೆಲಸಕ್ಕೆ ಕಪ್ಪಾದ ಹೆಬ್ಬೆರಳು, ಕಣ್ಣಿಗಿಂತ ಹಣೆಯ ಮೇಲೇ ಹೆಚ್ಚು ಹೊತ್ತು ಇರುವ ಕನ್ನಡಕ.

“ಏಜೆಂಟ್ರೆ, ಮಾತು ಲಾಯಕ್ಕಿತ್ತು,” ಎಂದರು ಅವರು. “ನಮ್ಮದನ್ನ ಹೇಗೆ ಬಿಡ್ಬೇಕು ಅಂತ ತಿಳೀತು. ಬೇರೆಯವರದ್ದು ನಮ್ಮ ಹತ್ರ ಇದ್ರೆ ಎಂತ ಮಾಡೋದು ಮಾರಾಯ್ರೆ?”

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಸಾಲದೆ, ನಾನು ಅದೊಂದು ಗಹನವಾದ ಪ್ರಶ್ನೆ ಎಂದು ಶ್ಲಾಘಿಸಿ ಕೂತುಬಿಟ್ಟೆ.

ಮರುದಿನ ಕುತೂಹಲಕ್ಕೆ ಅವರ ಅಂಗಡಿಗೆ ಹೋದೆ. ಮೂರು ಗೋಡೆಗೂ ಹಲಗೆಗಳು, ಹಲಗೆಗಳ ತುಂಬ ಕಳೇಬರಗಳು. ಒಂದೊಂದಕ್ಕೂ ಊದುಬತ್ತಿಯ ರಟ್ಟಿನಿಂದ ಕತ್ತರಿಸಿದ ಚೀಟಿಯನ್ನು ದಾರದಲ್ಲಿ ಕಟ್ಟಿತ್ತು. ಚೀಟಿಯಲ್ಲಿ ಯಜಮಾನರ ಹೆಸರು, ಊರು, ರೋಗಲಕ್ಷಣ. ‘ಬೇಗಾರ್ – ಸಿಡಿಲು.’ ‘ಸೀತೂರು – ಟೇಪು ನುಂಗುತ್ತದೆ.’ ಇನ್ನೊಂದರ ಮೇಲೆ ‘ಶಬ್ದ ಇದೆ, ಚಿತ್ರ ಇಲ್ಲ’ ಎಂದಿತ್ತು. ನನ್ನ ಹಿಂದಿನ ದಿನದ ಭಾಷಣಕ್ಕೆ ಇದಕ್ಕಿಂತ ನಿಖರವಾದ ವಿಮರ್ಶೆ ಸಾಧ್ಯವಿರಲಿಲ್ಲ.

ವಿಷಯ ಇಷ್ಟೇ. ಸಾಹೇಬರು ಆ ವರ್ಷ ಹಜ್ ಯಾತ್ರೆಗೆ ಹೊರಟಿದ್ದರು. ಲಾರಿ ಬರುವ ಭಾನುವಾರದ ನಂತರದ ಗುರುವಾರವೇ ಅವರ ಪ್ರಯಾಣ. ಹೊರಡುವ ಮುಂಚೆ ಯಾರದೇ ವಸ್ತು ತಮ್ಮ ಬಳಿ ಇದ್ದರೆ ಅವರಿಗೆ ಮುಟ್ಟಿಸಬೇಕು, ಯಾರ ಮನಸ್ಸು ನೋಯಿಸಿದ್ದರೂ ಮಾಫಿ ಕೇಳಬೇಕು. ಮುಟ್ಟಿಸೋಣವೆಂದರೆ ಈ ಮೂವತ್ತೊಂದು ಸಾಮಾನುಗಳ ಯಜಮಾನರು ವರ್ಷಗಟ್ಟಲೆ ಇತ್ತ ತಲೆಹಾಕಿಲ್ಲ.

“ಅವರೆಲ್ಲ ಎಂದೋ ಮರೆತಿರುತ್ತಾರೆ ಸಾಹೇಬರೇ, ಸುಮ್ಮನೆ ಲಾರಿಗೆ ಹಾಕಿಬಿಡಿ,” ಎಂದೆ.

“ಮರೆತದ್ದು ಅವರು,” ಎಂದರು. “ನಾನು ಮರೆತಿಲ್ಲವಲ್ಲ. ಇದು ಅಮಾನತ್ತು ಏಜೆಂಟ್ರೆ, ನಂಬಿ ಇಟ್ಟು ಹೋದದ್ದು. ಇದನ್ನ ಹಿಂಗೇ ಬಿಟ್ಟು ನಾನು ಅಲ್ಲಿ ಹೋಗಿ ಎಂತ ಅಂತ ಪ್ರಾರ್ಥನೆಗೆ ಕೈ ಎತ್ಲಿ?”

ಗುಜರಿಯವರು ಕೇಳಿದ್ದರಂತೆ. ಸಾಹೇಬರು ಕೊಟ್ಟಿರಲಿಲ್ಲ. ಒಮ್ಮೆ ಹಳೆಯ ತಂತಿಯ ಒಂದು ಹೊರೆ ಕೊಟ್ಟು, ಅದನ್ನು ಹಳ್ಳದ ಬದಿಯಲ್ಲಿ ಸುಟ್ಟು ತಾಮ್ರ ತೆಗೆಯುವುದನ್ನು ಕಣ್ಣಾರೆ ಕಂಡಿದ್ದರು. ಆ ಹೊಗೆಯಲ್ಲಿ ನಿಂತು ಕೆಮ್ಮುತ್ತಿದ್ದವನ ಮುಖ ಇನ್ನೂ ಕಣ್ಣಮುಂದೆ ಇದೆ ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ನಿಟ್ಟುಸಿರಿನಲ್ಲಿ ಹೇಳಿ ಮುಗಿಸಿದ್ದರು. ನನಗೆ ನಾಚಿಕೆಯಾಯಿತು. ನನ್ನ ಸ್ಕೂಟರ್ ಇದೆ, ಎರಡು ಭಾನುವಾರಗಳಿವೆ, ಮನೆಮನೆಗೂ ಹೋಗಿ ಒಪ್ಪಿಗೆ ಕೇಳೋಣ ಎಂದು ಬಾಯಿ ಜಾರಿದ್ದು ಆ ನಾಚಿಕೆಯಿಂದಲೇ.

ದಾರಿಯುದ್ದಕ್ಕೂ ನನಗೊಂದು ಸತ್ಯ ಗೋಚರಿಸತೊಡಗಿತು. ನಾವು ಈ ಕಡೆಯ ಜನ ಯಾವ ಯಂತ್ರವನ್ನೂ ಎಸೆಯುವವರಲ್ಲ. ಎಸೆಯುವುದೆಂದರೆ ನಮಗೆ ಏನೋ ಅಪಚಾರ. ಹಾಗಾಗಿ ನಾವು ರಿಪೇರಿಗೆ ಕೊಡುತ್ತೇವೆ. ಕೊಟ್ಟ ಕ್ಷಣಕ್ಕೆ ಮನಸ್ಸು ಹಗುರಾಗುತ್ತದೆ. ಮರುವಾರ ಹೊಸದು ಮನೆಗೆ ಬರುತ್ತದೆ. ಹಳೆಯದು ರಿಪೇರಿಯಲ್ಲಿದೆ, ಅಂದರೆ ಸತ್ತಿಲ್ಲ, ಅಂದರೆ ನಾವು ಕೃತಘ್ನರಲ್ಲ. ಈ ಸುಂದರ ವ್ಯವಸ್ಥೆಯಲ್ಲಿ ನಮ್ಮ ಪಾಪಪ್ರಜ್ಞೆಯ ಭಾರವನ್ನೆಲ್ಲ ಹಲಗೆಯ ಮೇಲೆ ಹೊತ್ತುಕೊಂಡು ಕೂರುವವರು ಯಾರೆಂದು ನಾವು ಯೋಚಿಸಿದ್ದೇ ಇಲ್ಲ.

ಬೇಗಾರಿನ ಸಿಡಿಲಿನ ಟಿವಿಯ ಒಡತಿ ಕಾವೇರಮ್ಮ ಅಂಗಳದಲ್ಲೇ ಸಿಕ್ಕರು. “ಎಂತ ಖಾದರಣ್ಣ, ಟಿವಿ ಸರಿ ಆತಾ?” ಎಂದು, ನಿನ್ನೆ ತಾನೇ ಕೊಟ್ಟವರಂತೆ ಕೇಳಿದರು. ಅದು ಆಗಲಿಲ್ಲ, ಆಗುವುದೂ ಇಲ್ಲ, ಹಜ್‌ಗೆ ಹೊರಟಿದ್ದೇನೆ, ನನ್ನ ಕೈಲಾಗದ್ದಕ್ಕೆ ಮಾಫಿ ಮಾಡಬೇಕು, ಅದನ್ನು ಲಾರಿಗೆ ಹಾಕಲು ಒಪ್ಪಿಗೆ ಕೊಡಬೇಕು ಎಂದು ಸಾಹೇಬರು ಎರಡೂ ಕೈ ಜೋಡಿಸಿದರು. ಕಾವೇರಮ್ಮ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು.

“ಅದು ಸತ್ತಿದ್ದು ಅವತ್ತೇ ಗೊತ್ತಿತ್ತು ಮಾರಾಯ. ಬಿಸಾಡಕ್ಕೆ ಮನಸ್ಸು ಬರ್ಲಿಲ್ಲೆ. ನಿನ್ನ ಹತ್ರ ಇದ್ರೆ ಇದ್ದಂಗೇ ಅಂದ್ಕಂಡಿದ್ದೆ. ಲಾರಿಗೇ ಹಾಕು, ನೀ ಸುಖವಾಗಿ ಹೋಗಿ ಬಾ.”

ಅಷ್ಟು ಹೇಳಿ ಒಳಗೆ ಹೋದವರು ಕಾಫಿಯ ಜೊತೆಗೆ ಒಂದು ಸುಟ್ಟ ಮಿಕ್ಸಿ, ಎರಡು ಟಾರ್ಚು, ಒಂದು ಡಬ್ಬಿ ತುಂಬ ಹಳೆಯ ಸೆಲ್ಲು ತಂದು ನಮ್ಮ ಮುಂದಿಟ್ಟರು. ಹೇಗೂ ಲಾರಿ ಬರುತ್ತದಲ್ಲ! ನನ್ನ ಭಾಷಣಕ್ಕೆ ಒಂದೂ ಸೆಲ್ಲು ಕೊಡದ ಊರು ಸಾಹೇಬರ ಮಾಫಿಗೆ ಅಟ್ಟವನ್ನೇ ಖಾಲಿ ಮಾಡತೊಡಗಿತು. ಆಮೇಲೆ ಹೋದಲ್ಲೆಲ್ಲ ಹೀಗೇ ಆಯಿತು. ಋಣ ಇಳಿಸಲು ಹೊರಟ ಸ್ಕೂಟರ್ ಪ್ರತಿ ಸಲವೂ ಹೇರಿಕೊಂಡೇ ಮರಳಿತು.

ಸೀತೂರಿನವರೊಬ್ಬರು ಮಾತ್ರ, “ಅದು ಚೆನ್ನಾಗೇ ಇತ್ತಲ್ಲ!” ಎಂದು ಹುಬ್ಬು ಗಂಟಿಕ್ಕಿದರು. ಇಂಥ ಪ್ರಸಂಗ ಬರಬಹುದೆಂದು ಸಾಹೇಬರು ಆ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಜಗುಲಿಯಲ್ಲಿ ಪ್ಲಗ್ ಚುಚ್ಚಿ ಕ್ಯಾಸೆಟ್ ಹಾಕಿದರೆ, ಅದಕ್ಕೆ ಈಗ ಟೇಪು ನುಂಗುವ ಶಕ್ತಿಯೂ ಇರಲಿಲ್ಲ. ನಾವು ಮೂವರೂ ಶ್ರದ್ಧೆಯಿಂದ ಕಿವಿಗೊಟ್ಟು, ಏನೂ ಕೇಳಿಸದಿರುವುದನ್ನು ಸುಮಾರು ಎರಡು ನಿಮಿಷ ಕೇಳಿದೆವು. “ಹೌದು, ಹೋಗಿದೆ,” ಎಂದು ಯಜಮಾನರು ತಲೆಯಾಡಿಸಿ ಒಪ್ಪಿಗೆ ಕೊಟ್ಟರು.

ಕಡಹಿನಬೈಲಿನಲ್ಲಿ ನನ್ನ ಸ್ಕೂಟರಿನ ಸದ್ದಿಗೆ ಮನೆಯ ಗಂಡಸು ಹಿತ್ತಲಿಗೆ ಮಾಯವಾದದ್ದು, ವಿಮೆಯ ಏಜೆಂಟನಾದವನಿಗೆ ಅಭ್ಯಾಸವಾದ ಸ್ವಾಗತವೇ. ಜೊತೆಗೆ ಬಂದವರು ಖಾದರಣ್ಣ ಎಂದು ತಿಳಿದ ಮೇಲೆ ಮಂಜುನಾಥ ಹೊರಗೆ ಬಂದ. ರೇಡಿಯೋದ ಚೀಟಿಯಲ್ಲಿದ್ದದ್ದು ಅವನ ತಂದೆಯ ಹೆಸರು. ತಂದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಸಾಹೇಬರಿಗೆ ಗೊತ್ತಿರಲಿಲ್ಲ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಾಫಿ ಕೇಳಬೇಕಾದವರೇ ಇಲ್ಲವೆಂದರೆ ಯಾರನ್ನು ಕೇಳುವುದು?

ಮಂಜುನಾಥ ಪಕ್ಕದಲ್ಲಿ ಕೂತು ಹೇಳಿದ: “ಮಲಗಿದ್ದಲ್ಲೇ ಆದ ಮೇಲೂ ಅಪ್ಪಯ್ಯ ಹೇಳ್ತಿದ್ರು, ರೇಡಿಯೋ ಖಾದರಣ್ಣನ ಹತ್ರ ಇದೆ, ಮುಂದಿನ ವಾರ ತರೋಣ ಅಂತ. ಅದು ನಿಮ್ಮ ಹತ್ರ ಇರೋದೇ ಅವರಿಗೆ ಒಂದು ಧೈರ್ಯ. ನೀವ್ಯಾಕೆ ಮಾಫಿ ಕೇಳ್ತೀರಿ ಮಾರಾಯ್ರೆ?” ಆಮೇಲೆ, “ಒಳಗಿಂದೆಲ್ಲ ಲಾರಿಗೆ ಹಾಕಿ. ಆ ಮರದ ಪೆಟ್ಟಿಗೆ ಒಂದು ನಂಗೆ ಕೊಡಿ,” ಎಂದ. ಸಾಹೇಬರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದರು. ಒದ್ದೆಯಾದ ಕಣ್ಣು ಕಾಣಬಾರದೆಂದು ಇರಬೇಕು. ಕನ್ನಡಕವಿಲ್ಲದ ನಾನು ಸ್ಕೂಟರಿನ ಕನ್ನಡಿ ಒರೆಸತೊಡಗಿದೆ.

ಎರಡನೆಯ ಭಾನುವಾರ ಸಂಜೆ ಕೊಪ್ಪಕ್ಕೆ ಮರಳುವಾಗ ನಾನು ನೆಮ್ಮದಿಯ ಉಸಿರು ಬಿಟ್ಟು, ಅಂತೂ ಮೂವತ್ತೊಂದೂ ಮುಗಿಯಿತು ಎಂದೆ. ಹಿಂದಿನಿಂದ ಸಾಹೇಬರು, “ಮೂವತ್ತು. ಒಂದು ಉಳಿದಿದೆ, ಹತ್ರದ್ದೇ,” ಎಂದರು. ಎಡಕ್ಕೆ ತಿರುಗಿಸಿ ಎಂದರು. ತಿರುಗಿಸಿದೆ. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ಎಂದರು. ಇದು ನಮ್ಮ ಬೀದಿಯಲ್ಲವೇ, ಇಲ್ಲಿ ಯಾರಪ್ಪ ಇಂಥ ಬೇಜವಾಬ್ದಾರಿ ಮನುಷ್ಯ ಎಂದು ನಾನು ನೆರೆಹೊರೆಯವರನ್ನೆಲ್ಲ ಮನಸ್ಸಿನಲ್ಲೇ ತೂಗುತ್ತಿದ್ದಂತೆ, “ಇಲ್ಲೇ ನಿಲ್ಸಿ,” ಎಂದರು. ನಿಲ್ಲಿಸಿದೆ. ನನ್ನದೇ ಗೇಟು.

ಸಾಹೇಬರು ಜೇಬಿನಿಂದ ಚೀಟಿ ತೆಗೆದರು. ನನ್ನ ಹೆಸರು, ಕೆಳಗೆ ‘ಟೂ-ಇನ್-ಒನ್, ಮೋಟಾರ್ ಇಲ್ಲ.’ ನೋಡಿದ ಕೂಡಲೇ ಎಲ್ಲ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಕೊಂಡ, ರೇಡಿಯೋ ಟೇಪು ಎರಡೂ ಇದ್ದ ಪೆಟ್ಟಿಗೆ. ಮಗಳ ತೊದಲು ಮಾತನ್ನು ಅದರಲ್ಲೇ ಮುದ್ರಿಸಿದ್ದೆವು. ಒಂಬತ್ತು ವರ್ಷಗಳ ಹಿಂದೆ ರಿಪೇರಿಗೆ ಕೊಟ್ಟು, ಅದೇ ತಿಂಗಳು ಹೊಸದನ್ನು ತಂದು, ಹಳೆಯದನ್ನು ನಿಶ್ಚಿಂತೆಯಿಂದ ಮರೆತಿದ್ದೆ. ನನ್ನ ಮನೆಯಲ್ಲಿ ಒಂದೇ ಒಂದು ಕೆಟ್ಟ ಯಂತ್ರ ಇಲ್ಲದಿದ್ದುದರ ರಹಸ್ಯ ಇದು. ಈ ಮನುಷ್ಯ ನನ್ನ ಭಾಷಣವನ್ನು ಕೂತು ಕೇಳಿದ್ದರು, ಎಲ್ಲರ ಮುಂದೆ ಪ್ರಶ್ನೆಯನ್ನೂ ಕೇಳಿದ್ದರು, ಹೆಸರನ್ನು ಮಾತ್ರ ಹೇಳಿರಲಿಲ್ಲ. ಎರಡು ಭಾನುವಾರ ನನ್ನ ಬೆನ್ನ ಹಿಂದೆಯೇ ಆ ಚೀಟಿ ಇಟ್ಟುಕೊಂಡು ಕೂತಿದ್ದರು.

“ಮೋಟಾರ್ ಎಲ್ಲೂ ಸಿಗ್ಲಿಲ್ಲ ಏಜೆಂಟ್ರೆ. ಶಿವಮೊಗ್ಗದಲ್ಲೂ ಕೇಳ್ದೆ. ಮಾಫಿ ಮಾಡ್ಬೇಕು,” ಎಂದು ಕೈ ಜೋಡಿಸಿದರು.

ಜೋಡಿಸಿದ ಆ ಕೈಗಳನ್ನು ಹಿಡಿದುಕೊಂಡು, “ಮಾಫಿ ಕೇಳಬೇಕಾದವನು ನಾನು ಸಾಹೇಬರೇ, ನೀವು ಮಾಡಬೇಕು,” ಎಂದಷ್ಟೇ ಅಂದೆ. ಅವರು ನಕ್ಕರು. “ಹಂಗಾದ್ರೆ ಇಬ್ಬರದ್ದೂ ಆಯ್ತು ಬಿಡಿ. ಈಗ ನಾನು ಹೋಗ್ಬಹುದು.”

ಮುಂದಿನ ಭಾನುವಾರ ಲಾರಿ ಬಂತು, ತುಂಬಿಕೊಂಡು ಹೋಯಿತು. ಖಾಲಿಯಾದ ಹಲಗೆಗಳನ್ನು ಸಾಹೇಬರು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಹಾಕಿ, ಗುರುವಾರ ಹೊರಟರು. ಸುಖವಾಗಿ ಹೋಗಿಬಂದು ನನಗೆ ಖರ್ಜೂರವನ್ನೂ ಕೊಟ್ಟರು.

ನಮ್ಮ ತಾರಸಿಯ ಚಾಪೆಯ ಮೂಲೆಯಲ್ಲಿ ಈ ಬೇಸಿಗೆಯೂ ಎರಡು ಸೆಲ್ಲುಗಳಿದ್ದವು. ಸಿದ್ಧಾಂತಗಳು ಒಂದು ಭಾಷಣಕ್ಕೆ ಬದಲಾಗುವುದಿಲ್ಲ. ಆದರೆ ಎರಡು ದಿನದ ಬಿಸಿಲಿಗೂ ಚೇತರಿಸಿಕೊಳ್ಳದವು ಈಗ ಮೊದಲಿನ ಹಾಗೆ ತೋಟದ ಬೇಲಿಯಾಚೆ ಹಾರುವುದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿಟ್ಟ ಒಂದು ಉಪ್ಪಿನಕಾಯಿ ಬಾಟಲಿಗೆ ಇಳಿಯುತ್ತವೆ, ಮುಂದಿನ ಲಾರಿಯ ತನಕ. ಬಾಟಲಿಯ ಕುತ್ತಿಗೆಗೆ, ಸಾಹೇಬರ ಚೀಟಿಯ ಕತೆ ಕೇಳಿದ ನನ್ನ ಹೆಂಡತಿ ಊದುಬತ್ತಿಯ ರಟ್ಟಿನ ಒಂದು ಚೀಟಿ ಕಟ್ಟಿದ್ದಾಳೆ. ಅದರ ಮೇಲೆ, ದೊಡ್ಡ ಅಕ್ಷರದಲ್ಲಿ, ನನ್ನ ಹೆಸರು ಬರೆದಿದ್ದಾಳೆ.